ಆನ್‌ಲೈನ್ ತರಗತಿಯಲ್ಲಿ ಪಾಠ ತಲುಪುತ್ತಿಲ್ಲವೇ? ಅಧ್ಯಾಪಕರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಧ್ಯಾಪಕರಿಗೆ ಆನ್‌ಲೈನ್ ಪಾಠದಲ್ಲಿ ಕೈಜೋಡಿಸುವುದು ನನ್ನ ಕೆಲಸ. ಅವರು ತರುವ ದೂರು ಹೆಚ್ಚುಕಡಿಮೆ ಒಂದೇ. ‘ಅರವತ್ತು ಜನ ಲಾಗಿನ್ ಆಗಿರ್ತಾರೆ. ಅರ್ಥ ಆಯ್ತಾ ಅಂದ್ರೆ ಮೂರು ಜನ ಚಾಟ್‌ನಲ್ಲಿ ಯೆಸ್ ಅಂತಾರೆ. ಪರೀಕ್ಷೆಯಲ್ಲಿ ನೋಡಿದ್ರೆ ಯಾರಿಗೂ ಏನೂ ಬರಲ್ಲ.’ ಆ ಮೂರು ಜನ ಪ್ರತಿ ಸಲವೂ ಅದೇ ಮೂರು ಜನ! ರೆಕಾರ್ಡಿಂಗ್ ತರಿಸಿ ನೋಡಿದರೆ ಕಾರಣವೂ ಒಂದೇ ಇರುತ್ತದೆ. ಕೋಣೆಯಲ್ಲಿ ಕೊಡುತ್ತಿದ್ದ ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಎತ್ತಿ ಸ್ಕ್ರೀನಿಗೆ ಹಾಕಿರುತ್ತಾರೆ.

ಕೋಣೆಯಲ್ಲಿ ನೀವು ಮುಖ ನೋಡಿ ಪಾಠ ಮಾಡುತ್ತೀರಿ. ಯಾರದೋ ಹುಬ್ಬು ಗಂಟಿಕ್ಕಿತು, ಯಾರೋ ಪಕ್ಕದವರ ನೋಟ್ಸ್ ಇಣುಕಿದರು, ಬರೆಯುತ್ತಿದ್ದ ಪೆನ್ನು ನಿಂತಿತು. ಇದನ್ನೆಲ್ಲ ನೋಡಿ ನಿಮಗೇ ಗೊತ್ತಿಲ್ಲದಂತೆ ವೇಗ ತಗ್ಗಿಸುತ್ತೀರಿ, ಇನ್ನೊಂದು ಉದಾಹರಣೆ ಕೊಡುತ್ತೀರಿ. ಆನ್‌ಲೈನ್‌ನಲ್ಲಿ ಆ ಸುಳಿವು ತಾನಾಗಿ ಬರುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಅದಕ್ಕಾಗಿಯೇ ಇವೆ. ಕ್ರಮ ಬದಲಿಸಬೇಡಿ. ಬಹಳ ಜನ ಮೈಕು, ಕ್ಯಾಮೆರಾದಿಂದ ಶುರು ಮಾಡುತ್ತಾರೆ, ಅಲ್ಲೇ ಮುಗಿಸಿಯೂ ಬಿಡುತ್ತಾರೆ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ದುಬಾರಿ ಸಲಕರಣೆ ಏನೂ ಬೇಡ. ಮೈಕ್ ಇರುವ ವೈರ್ ಇಯರ್‌ಫೋನ್ ಒಂದು. ಲ್ಯಾಪ್‌ಟಾಪ್ ಬಿಟ್ಟು ಇನ್ನೊಂದು ಸಾಧನ, ನಿಮ್ಮ ಫೋನೇ ಆದರೂ ಸಾಕು. ಅದರಲ್ಲಿ ವಿದ್ಯಾರ್ಥಿಯ ಹಾಗೆ ತರಗತಿಗೆ ಸೇರಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ. ಸ್ಲೈಡ್ ಕಾಣಿಸುತ್ತಿದೆಯಾ ಎಂದು ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ, ನಿಮಗೇ ಕಾಣುತ್ತದೆ. ಆದರೆ ಆ ಫೋನಿನ ಮೈಕ್ ಮ್ಯೂಟ್ ಆಗಿರಬೇಕು, ವಾಲ್ಯೂಮ್ ಸೊನ್ನೆ ಇರಬೇಕು. ಮರೆತರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ.

ನೆಟ್ ವೇಗ ನೋಡುವಾಗ ಡೌನ್‌ಲೋಡ್ ನೋಡಿ ಸಮಾಧಾನ ಪಡಬೇಡಿ. ನಿಮ್ಮ ದನಿ, ಮುಖ, ಸ್ಲೈಡ್ ಹೊರಗೆ ಹೋಗುವುದು ಅಪ್‌ಲೋಡ್‌ನಲ್ಲಿ. ಖಾತೆಯನ್ನೂ ನೋಡಿಕೊಳ್ಳಿ. ಉಚಿತ ಖಾತೆಯಾದರೆ ಝೂಮ್ 40 ನಿಮಿಷಕ್ಕೆ ಕಡಿದುಹಾಕುತ್ತದೆ, ಗೂಗಲ್ ಮೀಟ್‌ನ ಗುಂಪು ಕರೆ 60 ನಿಮಿಷಕ್ಕೆ. ವಿಶ್ವವಿದ್ಯಾಲಯದ ಖಾತೆ ಇದ್ದರೆ ಅದರಿಂದಲೇ ಲಿಂಕ್ ಮಾಡಿ.

ಕೊನೆಯದು, ಎಲ್ಲಕ್ಕೂ ಒಂದೇ ಜಾಗ. ಕೋರ್ಸ್ ನಡೆಸುವ ಮೂಡಲ್ (Moodle) ತಾಣವಾಗಲಿ, ಗೂಗಲ್ ಕ್ಲಾಸ್‌ರೂಮ್ ಆಗಲಿ, ಲಿಂಕ್, ಸ್ಲೈಡ್, ಅಸೈನ್‌ಮೆಂಟ್, ರೆಕಾರ್ಡಿಂಗ್ ಎಲ್ಲ ಅಲ್ಲೇ ಇರಬೇಕು. ಲಿಂಕ್ ವಾಟ್ಸಾಪ್‌ನಲ್ಲಿ, ನೋಟ್ಸ್ ಮೇಲ್‌ನಲ್ಲಿ, ಕೊನೆ ದಿನಾಂಕ ಬಾಯಿಮಾತಿನಲ್ಲಿ ಇದ್ದರೆ ವಿದ್ಯಾರ್ಥಿಯ ಅರ್ಧ ಶಕ್ತಿ ಹುಡುಕುವುದರಲ್ಲೇ ಹೋಗುತ್ತದೆ.

## ಹಂತ 1: ತರಗತಿಯನ್ನು ಕೊನೆಯಿಂದ ಕಟ್ಟಿಕೊಂಡು ಬನ್ನಿ

‘ಇವತ್ತು ಮಧ್ಯಾಂಕ ಮುಗಿಸಬೇಕು’ (ಮೀಡಿಯನ್, ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಎಂದು ಯೋಚಿಸಿದರೆ ಮುಗಿಯುವುದು ನಿಮ್ಮ ಸ್ಲೈಡ್ ಮಾತ್ರ. ಬದಲಿಗೆ, ತರಗತಿ ಮುಗಿಯುವ ಹೊತ್ತಿಗೆ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು ಎಂದು ಒಂದೇ ವಾಕ್ಯ ಬರೆಯಿರಿ. ಸಂಖ್ಯಾಶಾಸ್ತ್ರದ ತರಗತಿ ಎಂದುಕೊಳ್ಳಿ. ‘ಒಂದು ಅಂಕಿಪಟ್ಟಿ ಕೊಟ್ಟರೆ ಅಲ್ಲಿ ಸರಾಸರಿ ಹೇಳಬೇಕೋ ಮಧ್ಯಾಂಕ ಹೇಳಬೇಕೋ ಎಂದು ಆರಿಸಿ, ಕಾರಣ ಕೊಡಬೇಕು.’ ಇಷ್ಟು ಸಾಕು. ಈ ವಾಕ್ಯಕ್ಕೆ ಹೊಂದುವ ಕೊನೆಯ ಪ್ರಶ್ನೆಯನ್ನು ಮೊದಲೇ ಬರೆದಿಡಿ, ಆಮೇಲೆ ಹಿಂದಕ್ಕೆ ಬನ್ನಿ.

ಈಗ ಒಂದು ಹಾಳೆಯಲ್ಲಿ ನಿಮಿಷದ ಲೆಕ್ಕ ಹಾಕಿ. ನಾನು ಕೊಡುವ ಮಾದರಿ ಹೀಗಿದೆ: ಮೊದಲ 5 ನಿಮಿಷ ಹಿಂದಿನ ಪಾಠದ ನೆನಪು. 5ರಿಂದ 12, ನಿಮ್ಮ ವಿವರಣೆ. 12ರಿಂದ 18, ಪೋಲ್ (ಪರದೆ ಮೇಲಿನ ಆಯ್ಕೆ ಒತ್ತಿ ಎಲ್ಲರೂ ಉತ್ತರಿಸುವ ಪ್ರಶ್ನೆ) ಮತ್ತು ಚರ್ಚೆ. 18ರಿಂದ 25, ಮತ್ತೆ ವಿವರಣೆ. 25ರಿಂದ 42, ಗುಂಪು ಕೆಲಸ ಮತ್ತು ಅದರ ವರದಿ. 42ರಿಂದ 50, ವರದಿಯಲ್ಲಿ ಕಂಡ ತಪ್ಪುಗಳ ಮೇಲೆ ನಿಮ್ಮ ಮಾತು. 50ರಿಂದ 56, ಕೊನೆಯ ಪ್ರಶ್ನೆ. ಉಳಿದ 4 ನಿಮಿಷ ತಾಂತ್ರಿಕ ತಾಪತ್ರಯಕ್ಕೆ ಮೀಸಲು, ಅದು ಬಂದೇ ಬರುತ್ತದೆ. ನಿಮ್ಮ ಮಾತು ಒಂದೇ ಸಮನೆ 8 ನಿಮಿಷ ದಾಟಿದ ಕಡೆಯೆಲ್ಲ ಕೆಂಪು ಗೆರೆ ಎಳೆಯಿರಿ.

ಸಾಮಾನ್ಯ ತಪ್ಪು: ಕೋಣೆಯಲ್ಲಿ ಮುಗಿಸುತ್ತಿದ್ದಷ್ಟೇ ಭಾಗ ಇಲ್ಲೂ ಇಟ್ಟುಕೊಳ್ಳುವುದು. ಮುಗಿಯುವುದಿಲ್ಲ. ಏನಾದರೂ ಬಿಡಲೇಬೇಕು, ಆ ಬಿಟ್ಟದ್ದು ಎಲ್ಲಿಗೆ ಹೋಗಬೇಕು ಎನ್ನುವುದು ಮುಂದಿನ ಹಂತ.

## ಹಂತ 2: ಲೈವ್ ಯಾವುದು, ವಿಡಿಯೊ ಯಾವುದು ಎಂದು ಬೇರೆ ಮಾಡಿ

ವ್ಯಾಖ್ಯೆ, ಸೂತ್ರ, ಮಾಡಿ ತೋರಿಸಿದ ಒಂದು ಲೆಕ್ಕ, ಪ್ರಯೋಗದ ಕ್ರಮ, ಇವೆಲ್ಲ ಮೊದಲೇ ರೆಕಾರ್ಡ್ ಮಾಡಬಹುದಾದವು. ವಿದ್ಯಾರ್ಥಿ ನಿಲ್ಲಿಸಿ, ಹಿಂದೆ ಹೋಗಿ ನೋಡಬಹುದು. ಲೈವ್ ಹೊತ್ತನ್ನು ಗೊಂದಲ ಬಿಡಿಸಲು, ವಾದ ಮಾಡಲು, ತಪ್ಪು ಮಾಡಿ ತಿದ್ದಿಕೊಳ್ಳಲು ಉಳಿಸಿ.

ವಿಡಿಯೊ ಚಿಕ್ಕದಿರಲಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ ಜನ 69 ಲಕ್ಷ ಸಲ ಪಾಠದ ವಿಡಿಯೊ ನೋಡಿದ್ದನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ನೋಡಿದ ಹೊತ್ತಿನ ಮಧ್ಯಾಂಕ 6 ನಿಮಿಷ ದಾಟಿರಲಿಲ್ಲ. (ನೋಡಿ, ಮಧ್ಯಾಂಕ ಇಲ್ಲೂ ಬಂತು.) ಒಂದು ವಿಡಿಯೊಗೆ ಒಂದೇ ವಿಷಯ, ಕೊನೆಯಲ್ಲಿ ಒಂದು ಪ್ರಶ್ನೆ. ಆ ಪ್ರಶ್ನೆಯ ಉತ್ತರ ಲೈವ್ ತರಗತಿಯ ಮೊದಲ ಐದು ನಿಮಿಷದಲ್ಲಿ ಬೇಕಾಗಬೇಕು, ಇಲ್ಲದಿದ್ದರೆ ಯಾರೂ ನೋಡುವುದಿಲ್ಲ. ವಿಡಿಯೊದಲ್ಲಿ ಇರುವುದನ್ನೇ ನೀವು ಲೈವ್‌ನಲ್ಲಿ ಮತ್ತೆ ಹೇಳಿದರಂತೂ ಎರಡನೇ ವಾರದಿಂದ ನೋಡುವವರು ನಿಲ್ಲಿಸುತ್ತಾರೆ, ಅದು ಅವರ ತಪ್ಪಲ್ಲ.

## ಹಂತ 3: ಸ್ಲೈಡನ್ನು ಫೋನಿನಲ್ಲಿ ನೋಡಿ ತಿದ್ದಿ

ನಿಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಅಂಗೈಯಗಲದ ಪರದೆಯಲ್ಲಿ ಪಾಠ ನೋಡುತ್ತಿರಬಹುದು. ಸ್ಲೈಡನ್ನು ಫೋನಿಗೆ ಕಳಿಸಿಕೊಂಡು ಕೈ ಚಾಚಿ ಹಿಡಿದು ಓದಿ. ಕಣ್ಣು ಕಿರಿದು ಮಾಡಬೇಕಾಯಿತೇ? ಅಕ್ಷರ ದೊಡ್ಡದು ಮಾಡಿ ಅಥವಾ ಒಂದು ಸ್ಲೈಡನ್ನು ಮೂರು ಮಾಡಿ. ಬೂದು ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಬೇಡವೇ ಬೇಡ. ವೆಬ್ ಪುಟಗಳ ಸುಲಭಬಳಕೆಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಕೇಳುತ್ತದೆ. ಅದನ್ನು ಅಳೆಯುವ ಉಚಿತ ಸಾಧನಗಳಿವೆ.

ಸ್ಲೈಡಿನಲ್ಲಿ ಬರೆದ ವಾಕ್ಯವನ್ನೇ ಗಟ್ಟಿಯಾಗಿ ಓದಬೇಡಿ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ತಲೆಗೆ ಎರಡೂ ಸರಿಯಾಗಿ ಇಳಿಯುವುದಿಲ್ಲ. ಚಿತ್ರ ತೋರಿಸಿ, ಮಾತಿನಲ್ಲಿ ವಿವರಿಸಿ. ‘ಇಲ್ಲಿ ನೋಡಿ, ಇದು ಹೀಗೆ ಹೋಗುತ್ತೆ’ ಎನ್ನುವ ಬದಲು ‘ನೀಲಿ ಗೆರೆ ಬಲಕ್ಕೆ ಹೋದ ಹಾಗೆ ಮೇಲಕ್ಕೇರುತ್ತೆ’ ಎನ್ನಿ. ಕಣ್ಣು ಕಾಣದವರಿಗೂ, ನೆಟ್ ನಿಧಾನವಾಗಿ ಸ್ಲೈಡ್ ಇನ್ನೂ ಬಂದಿಲ್ಲದವರಿಗೂ ಪಾಠ ಸಿಗುತ್ತದೆ.

## ಹಂತ 4: ದನಿ ಮೊದಲು, ಮುಖ ಆಮೇಲೆ

ಮುಖ ಮಸುಕಾಗಿದ್ದರೂ ವಿದ್ಯಾರ್ಥಿ ಸಹಿಸಿಕೊಳ್ಳುತ್ತಾನೆ. ದನಿ ಕಟ್ ಆಗುತ್ತಿದ್ದರೆ ಹತ್ತು ನಿಮಿಷದಲ್ಲಿ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಕೀಬೋರ್ಡಿನ ಟಕಟಕ, ಫ್ಯಾನಿನ ಸದ್ದು, ಖಾಲಿ ಕೋಣೆಯ ಪ್ರತಿಧ್ವನಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಇಯರ್‌ಫೋನ್ ಹಾಕಿ ಎರಡು ನಿಮಿಷ ಪಾಠ ಮಾಡಿ, ರೆಕಾರ್ಡ್ ಮಾಡಿ, ಕೇಳಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ, ಕುರ್ಚಿ ತಿರುಗಿಸಿಕೊಳ್ಳಿ. ಮುಖದ ವಿಷಯ ಇಷ್ಟೇ.

ತರಗತಿಗೆ 15 ನಿಮಿಷ ಮುಂಚೆ ಈ ಕ್ರಮದಲ್ಲಿ ನೋಡಿ:

1. ಲ್ಯಾಪ್‌ಟಾಪಿನ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ.
2. ಒಳಬರುವವರು ಮ್ಯೂಟ್ ಆಗಿಯೇ ಬರುವಂತೆ ಸೆಟ್ ಮಾಡಿ.
3. ಇಡೀ ಡೆಸ್ಕ್‌ಟಾಪ್ ಬೇಡ, ಸ್ಲೈಡಿನ ಕಿಟಕಿ ಮಾತ್ರ ಶೇರ್ ಮಾಡಿ. ನಿಮ್ಮ ಮೇಲ್ ಇಡೀ ತರಗತಿಗೆ ಕಾಣಬೇಕಿಲ್ಲ.
4. ವಿಡಿಯೊ ತೋರಿಸುವುದಿದ್ದರೆ ಶೇರ್ ಮಾಡುವಾಗಲೇ ಸೌಂಡ್ ಹೋಗುವ ಆಯ್ಕೆಗೆ ಟಿಕ್ ಹಾಕಿ. ಮರೆತರೆ ನಿಮಗೆ ಕೇಳಿಸುತ್ತದೆ, ಅವರಿಗೆ ಮೂಕಿ ಚಿತ್ರ.
5. ಪೋಲ್ ಪ್ರಶ್ನೆ ಮೊದಲೇ ಹಾಕಿಟ್ಟಿರಿ. ಲೈವ್‌ನಲ್ಲಿ ಟೈಪ್ ಮಾಡುತ್ತ ಕೂತರೆ ತರಗತಿ ತಣ್ಣಗಾಗುತ್ತದೆ.
6. ಒಬ್ಬ ವಿದ್ಯಾರ್ಥಿಯನ್ನು ಕೋ-ಹೋಸ್ಟ್ (ಕರೆ ನಡೆಸಲು ನಿಮ್ಮ ಸಹಾಯಕ) ಮಾಡಿ. ಚಾಟ್ ನೋಡುವುದು, ಕೈ ಎತ್ತಿದವರನ್ನು ಹೇಳುವುದು ಅವರ ಕೆಲಸ. ವಾರಕ್ಕೊಬ್ಬರಂತೆ ಬದಲಿಸಿ.

ನಿಮ್ಮ ಮುಖ ನಿಮಗೇ ಕಾಣುವುದನ್ನು ಮರೆಮಾಡುವ ಆಯ್ಕೆಯೂ ಇರುತ್ತದೆ, ಅದನ್ನು ಒತ್ತಿ. ವಿಡಿಯೊ ಕರೆ ಯಾಕೆ ಇಷ್ಟು ಸುಸ್ತು ಮಾಡುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಾಗ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ದಿನವಿಡೀ ಕನ್ನಡಿ ಹಿಡಿದುಕೊಂಡು ಮಾತಾಡಿದರೆ ಯಾರಿಗೆ ಸುಸ್ತಾಗಲ್ಲ?

## ಹಂತ 5: ಮೊದಲ ಐದು ನಿಮಿಷ ಹಾಳು ಮಾಡಬೇಡಿ

‘ಇನ್ನೂ ಕೆಲವರು ಬರಬೇಕು, ಎರಡು ನಿಮಿಷ ಕಾಯೋಣ.’ ಹೀಗೆ ಹೇಳಿದ ತಕ್ಷಣ ಸರಿಯಾದ ಹೊತ್ತಿಗೆ ಬಂದವರು ಇನ್ನೊಂದು ಟ್ಯಾಬ್ ತೆರೆಯುತ್ತಾರೆ. ಆಮೇಲೆ ಅವರನ್ನು ಮರಳಿ ತರುವುದು ಕಷ್ಟ. ಬಂದವರಿಗೆ ಪರದೆ ಮೇಲೆ ಒಂದು ಪ್ರಶ್ನೆ ಕಾಯುತ್ತಿರಲಿ: ‘ನೋಟ್ಸ್ ನೋಡದೆ, ಹಿಂದಿನ ತರಗತಿಯ ಎರಡು ವಿಷಯ ಚಾಟ್‌ನಲ್ಲಿ ಬರೆಯಿರಿ.’

ಹಿಂದಿನ ಪಾಠವನ್ನು ನೀವೇ ಒಪ್ಪಿಸುವುದಕ್ಕಿಂತ ಅವರಿಂದ ನೆನಪು ಮಾಡಿಸುವುದು ಒಳ್ಳೆಯದು. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದೆ. ಹಾಜರಿಯೂ ಇದರಲ್ಲೇ ಆಗಿಹೋಗುತ್ತದೆ, ಬೇರೆ ಹೆಸರು ಕೂಗಬೇಕಿಲ್ಲ.

## ಹಂತ 6: ಪ್ರಶ್ನೆ ಕೇಳುವ ರೀತಿ ಬದಲಿಸಿ

ಹೆಚ್ಚಿನ ತರಗತಿಗಳು ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

‘ಅರ್ಥ ಆಯ್ತಾ?’ ‘ಡೌಟ್ ಇದೆಯಾ?’ ಈ ಎರಡನ್ನೂ ಬಿಟ್ಟುಬಿಡಿ. ಅರ್ಥ ಆಗದವನಿಗೆ ತನಗೆ ಏನು ಅರ್ಥ ಆಗಿಲ್ಲ ಎನ್ನುವುದೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅರವತ್ತು ಜನರ ಮುಂದೆ ಮೈಕ್ ಆನ್ ಮಾಡಿ ಹೇಳುವ ಧೈರ್ಯ ಇರುವುದಿಲ್ಲ. ಅದರ ಬದಲು ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ. ನಮ್ಮ ಮಧ್ಯಾಂಕದ ತರಗತಿಗೆ: ‘ಹೆಚ್ಚುಕಡಿಮೆ ಒಂದೇ ಆದಾಯದ ಹತ್ತು ಜನ ಕೋಣೆಯಲ್ಲಿದ್ದಾರೆ. ಭಾರಿ ಶ್ರೀಮಂತರೊಬ್ಬರು ಒಳಗೆ ಬಂದು ಕೂತರು. ಈಗ ಆದಾಯದ ಸರಾಸರಿಗೆ ಏನಾಯಿತು? ಮಧ್ಯಾಂಕಕ್ಕೆ?’ ನಾಲ್ಕು ಆಯ್ಕೆ ಕೊಟ್ಟು ಪೋಲ್ ಬಿಡಿ. ಸರಾಸರಿ ಜಿಗಿಯುತ್ತದೆ, ಮಧ್ಯಾಂಕ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಎರಡೂ ಜಿಗಿಯುತ್ತವೆ ಎಂದು ಎಷ್ಟು ಜನ ಒತ್ತಿದರು ನೋಡಿ. ನಿಮಗೆ ಕಾಣದೇ ಹೋಗಿದ್ದ ಗಂಟಿಕ್ಕಿದ ಹುಬ್ಬುಗಳು ಅವೇ.

ಪೋಲ್ ಬಂದ ಮೇಲೆ ಏನು ಮಾಡಬೇಕು? ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತ ಎರಿಕ್ ಮಜೂರ್ ರೂಢಿಗೆ ತಂದ ಕ್ರಮ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಸರಿ ಉತ್ತರ ಕೊಟ್ಟವರು ಶೇ 30ಕ್ಕಿಂತ ಕಡಿಮೆ ಇದ್ದರೆ ನಿಮ್ಮ ವಿವರಣೆ ತಲುಪಿಲ್ಲ, ಮತ್ತೆ ಹೇಳಿ. ಶೇ 70 ದಾಟಿದರೆ ಒಂದು ಮಾತು ಹೇಳಿ ಮುಂದೆ ಹೋಗಿ. ನಡುವೆ ಇದ್ದರೆ ಸರಿ ಉತ್ತರ ಹೇಳಲೇಬೇಡಿ. ಅವರವರೇ ವಾದ ಮಾಡಲು ಎರಡು ನಿಮಿಷ ಬಿಟ್ಟು ಅದೇ ಪೋಲ್ ಮತ್ತೆ ಹಾಕಿ. ಮೊದಲ ಪೋಲಿನ ಫಲಿತಾಂಶವನ್ನು ಆಗಲೇ ತೋರಿಸಬೇಡಿ, ತೋರಿಸಿದರೆ ಎಲ್ಲರೂ ಹೆಚ್ಚು ಮತ ಬಿದ್ದ ಕಡೆಗೇ ವಾಲುತ್ತಾರೆ.

ಇನ್ನು ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಬರೆದಂತೆ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸುವವರೂ ಹೆಚ್ಚಾದರು. ಅದು ಕೋಣೆಯೊಳಗಿನ ಮಾತು. ಆನ್‌ಲೈನ್‌ನಲ್ಲಿ ನಿಮ್ಮ ದನಿ ತಡವಾಗಿ ಹೋಗಬೇಕು, ಅವರು ಯೋಚಿಸಬೇಕು, ಮ್ಯೂಟ್ ಬಟನ್ ಹುಡುಕಬೇಕು. ನಾನು 10 ಎಣಿಸಿ ಎನ್ನುತ್ತೇನೆ. ಮೊದಮೊದಲು ಆ ಮೌನ ತಡೆಯಲು ಆಗುವುದಿಲ್ಲ. ನನ್ನದೇ ಹಳೆಯ ರೆಕಾರ್ಡಿಂಗ್ ನೋಡಿದಾಗ ಒಂದು ಗಂಟೆಯಲ್ಲಿ 11 ಸಲ ‘ಕೇಳಿಸ್ತಿದೆಯಾ?’ ಅಂದಿದ್ದೆ. ಒಂಬತ್ತು ಸಲ ಅದನ್ನು ಕೇಳಿದ್ದು ಬರೀ ಮೌನಕ್ಕೆ ಹೆದರಿ. ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಳ್ಳಿ, ಪ್ರಶ್ನೆ ಕೇಳಿದ ಮೇಲೆ ನಿಧಾನವಾಗಿ ಕುಡಿಯಿರಿ. ಸುಮ್ನೆ ಹೇಳ್ತಿಲ್ಲ, ಮಾಡಿ ನೋಡಿ.

ಚಾಟ್‌ನಲ್ಲಿ ಒಬ್ಬ ಬೇಗ ಉತ್ತರ ಹಾಕಿದರೆ ಉಳಿದವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ, ಅಲ್ವಾ? ಅದಕ್ಕೆ ಹೀಗೆ ಹೇಳಿ: ‘ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ. ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಕಳಿಸಿ.’ ಒಂದು ನಿಮಿಷ ಬಿಟ್ಟು ‘ಈಗ’ ಎಂದರೆ ಚಾಟ್ ತುಂಬ ಉತ್ತರಗಳು ಒಮ್ಮೆಲೇ ಸುರಿಯುತ್ತವೆ. ಎರಡು ಸರಿ, ಎರಡು ತಪ್ಪು ಆರಿಸಿ, ಬರೆದವರ ಹೆಸರು ಹೇಳದೆ ಓದಿ, ಅದರ ಮೇಲೇ ಪಾಠ ಮುಂದುವರಿಸಿ.

## ಹಂತ 7: ಗುಂಪು ಮಾಡುವ ಮೊದಲು ಕೆಲಸ ಬರೆದು ಕೊಡಿ

ಬ್ರೇಕ್‌ಔಟ್ ರೂಮಿಗೆ (ಕರೆಯೊಳಗೇ ಸಣ್ಣ ಗುಂಪುಗಳಿಗೆ ಮಾಡುವ ಬೇರೆ ಕೋಣೆ) ಹೋದವರ ಮೊದಲ ಮಾತು ‘ಏನ್ ಮಾಡ್ಬೇಕಂತೆ?’ ಯಾಕೆಂದರೆ ನೀವು ತೋರಿಸುತ್ತಿದ್ದ ಸ್ಲೈಡ್ ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ. ಎಲ್ಲರೂ ಬರೆಯಬಹುದಾದ ಒಂದು ಗೂಗಲ್ ಸ್ಲೈಡ್ಸ್ ಫೈಲ್ ಮಾಡಿ. ಗುಂಪಿಗೊಂದು ಸ್ಲೈಡ್, ಮೇಲೆ ಗುಂಪಿನ ಸಂಖ್ಯೆ, ಅದರ ಕೆಳಗೆ ಪ್ರಶ್ನೆ, ಉಳಿದ ಜಾಗ ಖಾಲಿ. ಲಿಂಕ್ ಕೊಟ್ಟು, ಎಲ್ಲರೂ ತೆರೆದರು ಎಂದು ಖಾತ್ರಿಯಾದ ಮೇಲೆ ರೂಮುಗಳನ್ನು ಬಿಡಿ. ಒಂದೊಂದು ರೂಮಿಗೂ ಹೋಗಿ ಇಣುಕಬೇಕಿಲ್ಲ. ಫೈಲ್ ನೋಡುತ್ತಿದ್ದರೆ ಯಾವ ಗುಂಪು ಬರೆಯುತ್ತಿದೆ, ಯಾವುದು ಖಾಲಿ ಕೂತಿದೆ ಎಲ್ಲ ಕಾಣುತ್ತದೆ. ಖಾಲಿ ಇರುವ ಕಡೆ ಮಾತ್ರ ಹೋಗಿ.

ಗುಂಪಿಗೆ ನಾಲ್ಕು ಜನ ಸಾಕು. ಇಬ್ಬರಿದ್ದರೆ ಒಬ್ಬರ ನೆಟ್ ಹೋದಾಗ ಇನ್ನೊಬ್ಬರು ಒಂಟಿ, ಏಳು ಜನರಿದ್ದರೆ ಮೂವರು ಪ್ರೇಕ್ಷಕರು. ಯಾರು ಬರೆಯುತ್ತಾರೆ, ಯಾರು ಹೇಳುತ್ತಾರೆ ಎಂದು ನೀವೇ ನಿಯಮ ಮಾಡಿ, ಹೆಸರಿನ ಅಕಾರಾದಿಯಲ್ಲಿ ಮೊದಲು ಬರುವವರು ಬರೆಯಲಿ, ಕೊನೆಯವರು ಹೇಳಲಿ. 8ರಿಂದ 10 ನಿಮಿಷ. ಅವಧಿ ಜಾಸ್ತಿಯಾದರೆ ಹರಟೆ.

## ಹಂತ 8: ಕ್ಯಾಮೆರಾ ಕಡ್ಡಾಯ ಮಾಡಬೇಡಿ

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಕಿಲೋಬಿಟ್‌ನಂತೆ ಬರೀ ದನಿ ಹೋದರೆ ಗಂಟೆಗೆ 45 ಎಂಬಿ. ವಿಡಿಯೊಗೆ ಸೆಕೆಂಡಿಗೆ 1 ಮೆಗಾಬಿಟ್ ಹಿಡಿದರೆ ಗಂಟೆಗೆ 450 ಎಂಬಿ, ಹತ್ತು ಪಟ್ಟು. ದಿನಕ್ಕೆ ನಾಲ್ಕು ತರಗತಿ ಇರುವ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಡೇಟಾ ಒಂದೇ ಕಾರಣವೂ ಅಲ್ಲ. ಕಾರ್ನೆಲ್‌ನಲ್ಲಿ (ಅಮೆರಿಕದ ವಿಶ್ವವಿದ್ಯಾಲಯ) ನಡೆದು 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕ್ಯಾಮೆರಾ ಆಫ್ ಇಡಲು ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಕಾರಣ, ತಾವು ಹೇಗೆ ಕಾಣುತ್ತೇವೋ ಎನ್ನುವ ಅಳುಕು. ಹಿಂದೆ ಓಡಾಡುವ ಮನೆಯವರು, ತೋರಿಸಲು ಮನಸ್ಸಿಲ್ಲದ ಕೋಣೆ, ಇವೂ ಇರುತ್ತವೆ.

ಗುಂಪು ಕೆಲಸದಲ್ಲಿ, ನಾಲ್ಕೇ ಜನರ ಮುಂದೆ, ಆಗುವವರು ಆನ್ ಮಾಡಲಿ ಎನ್ನಿ. ತರಗತಿಯಲ್ಲಿ ಇದ್ದಾರೋ ಇಲ್ಲವೋ ಎನ್ನುವುದನ್ನು ಪೋಲ್ ಮತ್ತು ಚಾಟಿನಿಂದ ನೋಡಿ.

## ಹಂತ 9: ಕೊನೆಯ ಪ್ರಶ್ನೆ, ಆಮೇಲಿನ ಅರ್ಧ ಗಂಟೆ

ಹಂತ 1ರಲ್ಲಿ ಬರೆದಿಟ್ಟ ಪ್ರಶ್ನೆ ಈಗ ಹೊರಬರಬೇಕು. ಜೊತೆಗೆ ಇನ್ನೊಂದು: ‘ಇವತ್ತು ಯಾವುದು ಮಸುಕಾಗಿ ಉಳಿಯಿತು?’ ಚಿಕ್ಕ ಫಾರ್ಮ್ ಸಾಕು. ಬಂದ ಉತ್ತರಗಳನ್ನು ಅವತ್ತೇ ಓದಿ. ಮೂರು ಸಾಮಾನ್ಯ ತಪ್ಪು ಹೆಕ್ಕಿ ಮುಂದಿನ ತರಗತಿ ಅದರಿಂದ ಶುರು ಮಾಡಿ. ತಾವು ಬರೆದದ್ದನ್ನು ಓದುತ್ತಾರೆ ಎಂದು ಗೊತ್ತಾದರೆ ವಿದ್ಯಾರ್ಥಿಗಳು ಬರೆಯುತ್ತಾರೆ, ಗೊತ್ತಾಗದಿದ್ದರೆ ಮೂರನೇ ವಾರಕ್ಕೆ ಬರೀ ಚುಕ್ಕೆ ಹಾಕಿ ಕಳಿಸುತ್ತಾರೆ.

ರೆಕಾರ್ಡಿಂಗ್ ಹಾಕುವಾಗ ವಿಷಯ ಯಾವ ನಿಮಿಷದಲ್ಲಿದೆ ಎಂದು ನಾಲ್ಕು ಸಾಲು ಬರೆಯಿರಿ. ರೆಕಾರ್ಡ್ ಮಾಡುತ್ತಿದ್ದೀರಿ ಎನ್ನುವುದನ್ನು ತರಗತಿಯ ಶುರುವಿನಲ್ಲೇ ಹೇಳಿರಬೇಕು.

## ಹಂತ 10: ಪರೀಕ್ಷೆಯ ಪ್ರಶ್ನೆಯನ್ನೇ ಬದಲಿಸಿ

ಪುಸ್ತಕ ತೆರೆದಿರುತ್ತದೆ, ಇಂಟರ್ನೆಟ್ ತೆರೆದಿರುತ್ತದೆ ಎಂದುಕೊಂಡೇ ಪ್ರಶ್ನೆ ಬರೆಯಿರಿ. ‘ಮಧ್ಯಾಂಕ ಎಂದರೇನು?’ ಎನ್ನುವುದು ನಕಲು ಮಾಡಿ ಎಂದು ಕರೆದ ಹಾಗೆ. ‘ಈ ಪಟ್ಟಿಯಲ್ಲಿ ವರದಿಗಾರ ಸರಾಸರಿ ಕೊಟ್ಟಿದ್ದಾನೆ. ಓದುಗರಿಗೆ ಎಲ್ಲಿ ದಾರಿ ತಪ್ಪುತ್ತದೆ?’ ಎಂದು ಕೇಳಿ, ಒಬ್ಬೊಬ್ಬರಿಗೆ ಬೇರೆ ಪಟ್ಟಿ ಕೊಡಿ. ಅನುಮಾನ ಬಂದವರ ಜೊತೆ ಐದು ನಿಮಿಷ ಮಾತಾಡಿ, ತಾವೇ ಬರೆದವರು ವಿವರಿಸುತ್ತಾರೆ. ಒಂದು ದೊಡ್ಡ ಪರೀಕ್ಷೆಯ ಬದಲು ಹಲವು ಸಣ್ಣವು ಇಡಿ. ಸಲ್ಲಿಸಲು ಒಂದು ದಿನದ ಅವಕಾಶ ಇರಲಿ, ನೆಟ್ ಹೋದದ್ದಕ್ಕೆ ಅಂಕ ಹೋಗಬಾರದು.

## ಎಚ್ಚರಿಕೆಯ ಗಂಟೆಗಳು

ತರಗತಿ ಮುಗಿಯಿತು ಎಂದು ಹೇಳಿದ ಮೇಲೂ ಹತ್ತು ಹೆಸರು ಹೊರಗೆ ಹೋಗದೆ ಹಾಗೇ ನಿಂತಿವೆಯೇ? ಅವರು ಯಾವಾಗಲೋ ಎದ್ದುಹೋಗಿದ್ದಾರೆ. ಹಾಜರಿ 60 ಇದ್ದು ಪೋಲಿಗೆ 25 ಉತ್ತರ ಬಂದರೆ ನಿಮ್ಮ ತರಗತಿ 25 ಜನರದ್ದು. ‘ಲಿಂಕ್ ಎಲ್ಲಿದೆ?’ ಎನ್ನುವ ಮೆಸೇಜ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಬಂದರೆ ವಿದ್ಯಾರ್ಥಿಗಳನ್ನು ಬೈಯಬೇಡಿ, ಜಾಗ ಸರಿಮಾಡಿ. ರೆಕಾರ್ಡಿಂಗನ್ನು ಯಾರೂ ನೋಡದೆ, ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರೂ ನೋಡುತ್ತಿದ್ದರೆ ನಡುವೆ ಸಣ್ಣ ಕೆಲಸಗಳು ಸಾಲುತ್ತಿಲ್ಲ. ತರಗತಿಯಾದ ಮೇಲೆ ನಿಮ್ಮ ಗಂಟಲು ಒಣಗಿದ್ದರೆ ಮಾತು ಜಾಸ್ತಿಯಾಗಿದೆ.

## ನೆಟ್ ಕೈಕೊಟ್ಟಾಗ

ಇದನ್ನು ಮೊದಲ ತರಗತಿಯಲ್ಲೇ ಬರೆದು ಹಾಕಿ: ‘ನನ್ನ ಕರೆ ಕಟ್ ಆದರೆ 10 ನಿಮಿಷ ಅಲ್ಲೇ ಇರಿ. ಪರದೆ ಮೇಲಿದ್ದ ಪ್ರಶ್ನೆಗೆ ಉತ್ತರ ಬರೆಯಿರಿ. ನಾನು ಬರದಿದ್ದರೆ ಉತ್ತರವನ್ನು ಕೋರ್ಸ್ ಪುಟದಲ್ಲಿ ಹಾಕಿ ಹೊರಡಿ.’ ಸ್ಲೈಡುಗಳ ಪ್ರತಿಯೂ ಕೋರ್ಸ್ ಪುಟದಲ್ಲಿ ಮೊದಲೇ ಇರಲಿ, ನಿಮ್ಮ ಕರೆ ಕಟ್ ಆದಾಗ ಆ ಪ್ರಶ್ನೆಯೂ ಪರದೆಯಿಂದ ಹೋಗಿಬಿಡುತ್ತದಲ್ಲ. ಹಾಗೆಯೇ ಕೋ-ಹೋಸ್ಟ್ ಆಗಿರುವ ವಿದ್ಯಾರ್ಥಿಯ ಬಳಿ ಅವತ್ತಿನ ಸ್ಲೈಡ್ ಇದ್ದರೆ ಅವರು ಅದನ್ನು ಶೇರ್ ಮಾಡಬಹುದು, ನೀವು ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಗಿ, ಕ್ಯಾಮೆರಾ ಆಫ್ ಮಾಡಿ, ಬರೀ ದನಿಯಲ್ಲಿ ಮುಂದುವರಿಸಿ.